ಮಾರ್ಥಕ್ಕನ ಸಮಾಧಾನ

ನನಗೆ ಹತ್ತು ವರ್ಷ ತುಂಬುವ ತನಕ ನಮ್ಮ ಮನೆಯ ಸಮಾಧಾನ ನಮ್ಮ ಮನೆಯಲ್ಲಿ ಇರಲಿಲ್ಲ. ಅದು ಮೂರು ಮನೆ ಆಚೆ, ಮಾರ್ಥಕ್ಕನ ಹತ್ತಿರ ಇತ್ತು. ಬೇಕಾದಾಗಲೆಲ್ಲ ಅವ್ವ ಅಲ್ಲಿಗೆ ಹೋಗಿ ಕೇಳಿಕೊಂಡು ಬರಬೇಕಾಗಿತ್ತು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮಂಥ ಕ್ರೈಸ್ತ ಮನೆಗಳಲ್ಲಿ ಸಮಾಧಾನ ಎಂಬ ಮಾತಿಗೆ ಊರಿಗೆಲ್ಲ ಗೊತ್ತಿರುವ ಅರ್ಥದ ಜೊತೆಗೆ ಇನ್ನೊಂದು ಅರ್ಥವೂ ಇದೆ. ಒಂದು ಕೆಲಸ ಮಾಡಬೇಕೋ ಬಿಡಬೇಕೋ ತಿಳಿಯದಾಗ ಮೊಣಕಾಲೂರಿ ಪ್ರಾರ್ಥನೆ ಮಾಡುತ್ತೇವೆ. ಎದ್ದಾಗ ಮನಸ್ಸು ತಣ್ಣಗಿದ್ದರೆ ಸಮಾಧಾನ ಬಂತು ಎನ್ನುತ್ತೇವೆ. ಅಂದರೆ ದೇವರು ಹೂಂ ಅಂದ ಹಾಗೆ. ಮನಸ್ಸು ಕುದಿಯುತ್ತಲೇ ಇದ್ದರೆ ಸಮಾಧಾನ ಇಲ್ಲ; ಅಲ್ಲಿಗೆ ಆ ಕೆಲಸ ಬಿಟ್ಟ ಹಾಗೆ. ಒಳ್ಳೆಯ ಪದ್ಧತಿ, ನಾನು ಈಗಲೂ ಪಾಲಿಸುತ್ತೇನೆ. ನಮ್ಮ ಮನೆಯಲ್ಲಿ ಆದ ಎಡವಟ್ಟು ಏನೆಂದರೆ, ಮೊಣಕಾಲೂರುವವಳು ಅವ್ವ, ಸಮಾಧಾನ ಬರಬೇಕಾದದ್ದು ಮಾರ್ಥಕ್ಕನಿಗೆ. ರಜೆಯಲ್ಲಿ ಜೈನಾಪುರದ ತವರಿಗೆ ಹೋಗಬೇಕೆಂದರೂ, ನನಗೆ ಕೆಂಪು ರಿಬ್ಬನ್ ಕಟ್ಟಬೇಕೆಂದರೂ ಅಲ್ಲಿಂದ ಹೂಂ ಬರಬೇಕು.

"ನನಗ್ಯಾಕೋ ಸಮಾಧಾನ ಇಲ್ಲ, ಪ್ರೇಮಾ."

"ಆತ್ರಿ ಅಕ್ಕಾರ, ಬಿಡ್ತೇನ್ರಿ."

ಇಷ್ಟೇ ಮಾತು. ಜೈನಾಪುರವೂ ಹೋಯಿತು, ರಿಬ್ಬನ್ನೂ ಹೋಯಿತು.

ವಿಜಯಪುರದ ಅಂಚಿನಲ್ಲಿ, ಇಬ್ರಾಹಿಂಪುರದಲ್ಲಿ, ರೈಲು ಹಳಿಗೆ ಹತ್ತಿರವಾಗಿ ನಮ್ಮ ಮನೆ. ಮುಂದೆ ಒಂದು ಕೋಣೆ, ಹಿಂದೆ ಅಡುಗೆಮನೆ, ಅದರ ಮಗ್ಗುಲಿಗೆ ಬಚ್ಚಲು. ರೈಲು ಹೋಗುವಾಗ ಹಲಗೆಯ ಮೇಲಿನ ಸ್ಟೀಲು ತಾಟುಗಳು ತಾವೇ ಮಾತಾಡಿಕೊಳ್ಳುತ್ತಿದ್ದವು. ಆ ಹೊತ್ತಿಗೆ ಜಗಳ ನಡೆದಿದ್ದರೆ ನಾವು ನಿಲ್ಲಿಸಿ, ರೈಲು ದಾಟಿದ ಮೇಲೆ ಬಿಟ್ಟ ಜಾಗದಿಂದ ಮುಂದುವರಿಸುತ್ತಿದ್ದೆವು. ಅಪ್ಪನಿಗೆ ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ ಟೇಲರ್ ಅಂಗಡಿ. ಊರಿನ ಅರ್ಧ ಜನರ ಅಳತೆ ಗೊತ್ತಿದ್ದ ಮನುಷ್ಯ, ತನ್ನ ಮನೆಯಲ್ಲಿ ಏನು ನಡೆದಿದೆ ಎಂಬುದನ್ನು ಮಾತ್ರ ಅಳೆಯಲು ಹೋಗುತ್ತಿರಲಿಲ್ಲ. ಮುಂದಿನ ಕೋಣೆಯಲ್ಲಿ ಕೈಯಿದ್ದ ಕುರ್ಚಿ ಒಂದೇ ಒಂದು. ಅದು ಮಾರ್ಥಕ್ಕನದು. ಅವಳು ಇಲ್ಲದಾಗಲೂ ಅಪ್ಪ ಟ್ರಂಕಿನ ಮೇಲೆಯೇ ಕೂಡುತ್ತಿದ್ದ. ಅಡುಗೆಮನೆಯಲ್ಲಿಯೂ ಅವಳ ಕೈ ಇತ್ತು. ಅವ್ವನಿಗೆ ಪುಂಡಿಪಲ್ಯ ಎಂದರೆ ಜೀವ. ಬಿಸಿ ಜೋಳದ ರೊಟ್ಟಿಯ ಮೇಲೆ ಪುಂಡಿಪಲ್ಯ ಇಟ್ಟು, ಒಂದು ಗೆರೆ ಶೇಂಗಾ ಎಣ್ಣೆ ಬಿಟ್ಟು, ಕಣ್ಣು ಮುಚ್ಚಿ ಉಣ್ಣುತ್ತಿದ್ದಳಂತೆ. ಅಂತೆ ಎನ್ನುತ್ತಿದ್ದೇನೆ, ಏಕೆಂದರೆ ನಾನು ನೋಡಿರಲಿಲ್ಲ. ಮಾರ್ಥಕ್ಕನಿಗೆ ಆ ಹುಳಿ ವಾಸನೆ ಆಗುತ್ತಿರಲಿಲ್ಲ, ಹೀಗಾಗಿ ಪುಂಡಿ ನಮ್ಮ ಮನೆ ಬಿಟ್ಟು ಹೋಗಿತ್ತು.

ಅವಳು ಕೆಟ್ಟವಳಾಗಿ ನಮ್ಮ ಮನೆಗೆ ಬಂದವಳಲ್ಲ. ಇದನ್ನು ಹೇಳದಿದ್ದರೆ ನಾನು ಸುಳ್ಳುಗಾರ್ತಿಯಾಗುತ್ತೇನೆ. ನನಗೆ ಐದು ವರ್ಷವಿದ್ದಾಗ ತಂಗಿಗೆ ವಿಷಮಶೀತ ಜ್ವರ ಬಂತು. ಅವ್ವ ಆಸ್ಪತ್ರೆಯಲ್ಲಿ ಕೂತಳು, ಅಪ್ಪ ಅಂಗಡಿಗೂ ಆಸ್ಪತ್ರೆಗೂ ಅಡ್ಡಾಡಿದ. ಆಗ ಕರೆಯದೆ ಬಂದು ಹನ್ನೆರಡು ದಿನ ನನಗೆ ಉಣ್ಣಿಸಿ, ತಲೆ ಬಾಚಿ, ಮನೆ ಕಸ ಹೊಡೆದವಳು ಮಾರ್ಥಕ್ಕ. ಗಂಡ ತೀರಿಹೋಗಿದ್ದ, ಮಕ್ಕಳಿರಲಿಲ್ಲ, ಚರ್ಚಿನ ಹೆಂಗಸರ ಪ್ರಾರ್ಥನಾಕೂಟ ಅವಳ ಕೈಯಲ್ಲಿತ್ತು. ಆಗ ಕೊಟ್ಟ ಬೀಗದ ಚಾವಿಯನ್ನು ತಂಗಿ ಗುಣವಾಗಿ ಮನೆಗೆ ಬಂದ ಮೇಲೂ ಅವಳು ಮರಳಿ ಕೊಡಲಿಲ್ಲ, ಅವ್ವ ಕೇಳಲಿಲ್ಲ. ಹನ್ನೆರಡು ದಿನದ ಉಪಕಾರವನ್ನು ಐದು ವರ್ಷ ನೆನಪಿಸುವುದು ಎಷ್ಟು ಸುಲಭ ಎಂದು ನನಗೆ ಗೊತ್ತಾದದ್ದು ಅವಳಿಂದ. ಪಕ್ಕದ ಮನೆಯ ಸಕ್ಕೂಬಾಯಿ ಅವ್ವನ ಜೊತೆ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತ ಹೊಟ್ಟೆ ಹುಣ್ಣಾಗುವಂತೆ ನಗಿಸುತ್ತಿದ್ದಳು. "ಲೋಕದವರ ಸಂಗ", ಅಂದರೆ ಚರ್ಚಿಗೆ ಬಾರದವರ ಸಹವಾಸ, ಎಂದು ಮಾರ್ಥಕ್ಕ ಮೂಗು ಮುರಿದ ಮೇಲೆ ಅದು ನಿಂತಿತು. ಜೈನಾಪುರದ ಆಯಿ, ಅಂದರೆ ಅವ್ವನ ತಾಯಿ, ಬಂದರೆ ಎರಡು ದಿನಕ್ಕಿಂತ ಹೆಚ್ಚು ಉಳಿಯದ ಹಾಗಾಯಿತು. ಒಬ್ಬೊಬ್ಬರೇ ಕಡಿಮೆಯಾಗುತ್ತ ಹೋದರು. ಕೊನೆಗೆ ಅವ್ವನಿಗೆ ಮಾತಾಡಲು ಮಾರ್ಥಕ್ಕ ಒಬ್ಬಳೇ ಉಳಿದಳು. ಹೀಗಾಗಿ ಎಲ್ಲ ಗುಟ್ಟುಗಳೂ ಅವಳ ಬಳಿಯೇ ಸೇರಿದವು.

ಮಾರ್ಥಕ್ಕ ಒದರಾಡುವ ಹೆಂಗಸಲ್ಲ. ಅವಳ ಸಿಟ್ಟು ಎಂದರೆ ಮೌನ. ಬರುತ್ತಿದ್ದಳು, ಕುರ್ಚಿಯಲ್ಲಿ ಕೂಡುತ್ತಿದ್ದಳು, ಕೊಟ್ಟ ಚಹಾ ಆರಲು ಬಿಡುತ್ತಿದ್ದಳು. ಅವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಮುಂದೆ ನಿಲ್ಲುತ್ತಿದ್ದಳು. ಒಂದು ಸಲ ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದ ಮಾತು ಇವತ್ತಿಗೂ ಅಕ್ಷರಶಃ ನೆನಪಿದೆ.

"ಅಕ್ಕಾರ, ನಂದೇನರ ತಪ್ಪಾಗಿದ್ರ ಕ್ಷಮಾ ಮಾಡ್ರಿ."

"ಏನು ತಪ್ಪಾಗೇತಿ ಅಂತ ನಿನಗ ಗೊತ್ತಿರಬೇಕಲ್ಲ."

"ಗೊತ್ತಾಗವಲ್ದ್ರಿ."

"ಗೊತ್ತಾಗೂ ಮಟಾ ಪ್ರಾರ್ಥನಾ ಮಾಡು."

ಅವ್ವ ಮಾಡಿದಳು. ಮೂರು ದಿನ ಮಾಡಿದಳು. ತಪ್ಪು ಸಿಗಲಿಲ್ಲ, ಆದರೂ ನಾಲ್ಕನೆಯ ದಿನ ಮತ್ತೊಮ್ಮೆ ಕ್ಷಮೆ ಕೇಳಿದಳು. ನನಗೆ ಆಗ ಎಂಟು ವರ್ಷ. ಕ್ಷಮೆ ಎಂಬುದು ಒಂದೇ ಮನೆಯಿಂದ ಹೊರಟು ಒಂದೇ ಮನೆಗೆ ಹೋಗಿ ಮುಟ್ಟುವ ವಸ್ತು ಎಂದು ನಾನು ತಿಳಿದುಕೊಂಡಿದ್ದೆ. ದೇವರು ಎಂದರೆ ಕೈಯಿದ್ದ ಕುರ್ಚಿಯಲ್ಲಿ ಕೂತು ಚಹಾ ಆರಲು ಬಿಡುವವನು ಎಂದೂ ಅಂದುಕೊಂಡಿದ್ದೆ. ಮಕ್ಕಳಿಗೆ ದೇವರ ಮುಖ ಮನೆಗೆ ಬಂದು ಹೋಗುವವರ ಮುಖದಿಂದಲೇ ಸಿಗುತ್ತದೆ, ಅದಕ್ಕಾಗಿಯೇ ಈ ಸಂಗತಿಯ ಮೇಲೆ ನನಗೆ ಇನ್ನೂ ಸಿಟ್ಟಿದೆ.

ಅವ್ವ ಮದುವೆಗೆ ಮುಂಚೆ ಶಿಕ್ಷಕಿಯ ತರಬೇತಿ ಮುಗಿಸಿದ್ದಳು. ಆ ಸರ್ಟಿಫಿಕೇಟು ಟ್ರಂಕಿನ ತಳದಲ್ಲಿ, ಮದುವೆ ಸೀರೆಯ ಕೆಳಗೆ ಇತ್ತು. ನನ್ನ ಹತ್ತನೆಯ ವರ್ಷದ ಬೇಸಿಗೆಯಲ್ಲಿ ಟಿಕೋಟಾದ ಒಂದು ಸಣ್ಣ ಖಾಸಗಿ ಶಾಲೆಯ ಮುಖ್ಯೋಪಾಧ್ಯಾಯಿನಿ ಕುಪ್ಪಸ ಹೊಲಿಸಲು ಅಪ್ಪನ ಅಂಗಡಿಗೆ ಬಂದಿದ್ದರು. ಒಂದನೆಯ ಇಯತ್ತೆಗೆ ಕಲಿಸುವವರು ಸಿಗುತ್ತಿಲ್ಲ ಎಂದು ಅವರು ಗೊಣಗಿದಾಗ ಅಪ್ಪ, ಅದೇನು ದೈವಪ್ರೇರಣೆಯೋ, ಬಾಯಿ ತೆರೆದು ನನ್ನ ಹೆಂಡತಿ ಇದ್ದಾಳೆ ಎಂದುಬಿಟ್ಟ. ಅವ್ವ ಅರ್ಜಿ ಬರೆದಳು. ಮಾರ್ಥಕ್ಕನನ್ನು ಕೇಳದೆ ಬರೆದಳು. ಬರೆಯುವಾಗ ಅವಳ ಮುಖ ಕದ್ದು ಬೆಲ್ಲ ತಿನ್ನುವವರ ಮುಖದ ಹಾಗೆ ಇತ್ತು. ಹತ್ತು ದಿನದಲ್ಲಿ ಉತ್ತರ ಬಂತು: ಜೂನ್ ತಿಂಗಳ ಮೊದಲ ಸೋಮವಾರ ಬಂದು ಸೇರಬೇಕು. ಟಿಕೋಟಾ ಎಂದರೆ ಬಸ್ಸಿನಲ್ಲಿ ಮುಕ್ಕಾಲು ತಾಸು. ಆದರೆ ನಮ್ಮ ಮನೆಯಿಂದ ಅಲ್ಲಿಗೆ ಹೋಗುವ ದಾರಿ ಮಾರ್ಥಕ್ಕನ ಬಾಗಿಲ ಮುಂದಿನಿಂದಲೇ ಹಾಯುತ್ತಿತ್ತು, ಎರಡೂ ಅರ್ಥದಲ್ಲಿ. ಸುದ್ದಿ ಕೇಳಿದ ಅವಳು ಕುರ್ಚಿಯಲ್ಲಿ ಕೂತಳು. ಚಹಾ ಮಾತ್ರ ಆರಿತು.

ಕೆಲಸಕ್ಕೆ ಸೇರುವ ಮೊದಲಿನ ಗುರುವಾರ ನಮ್ಮ ಮನೆಯಲ್ಲಿ ಪ್ರಾರ್ಥನಾಕೂಟ. ಇಪ್ಪತ್ತು ಹೆಂಗಸರು, ಅವರ ಮಕ್ಕಳು, ಕೋಣೆ ತುಂಬಿ ಕಟ್ಟೆಯ ತನಕ ಚಾಪೆ. ಹಾಡು ಮುಗಿದ ಮೇಲೆ ಪ್ರಾರ್ಥನಾ ವಿಷಯಗಳನ್ನು ಹೇಳುವುದು ರೂಢಿ. ಯಾರಿಗೋ ಮಂಡಿನೋವು, ಯಾರ ಮಗನಿಗೋ ಪರೀಕ್ಷೆ. ಅದರಲ್ಲಿ ಮಾರ್ಥಕ್ಕ ಕಣ್ಣು ಮುಚ್ಚಿಕೊಂಡೇ ಹೇಳಿದಳು:

"ಇನ್ನೊಂದು ವಿಷಯ ಐತಿ. ಈ ಮನಿ ದೊಡ್ಡ ಮಗಳು ಕರುಣಾ, ಹತ್ತು ವರ್ಷಾದ್ರೂ ಹಾಸಿಗ್ಯಾಗ ಉಚ್ಚಿ ಹೊಯ್ಕೋತಾಳ. ಮನ್ಯಾಗ ದೊಡ್ಡವರು ಮಾತು ಮೀರಿದ್ರ ಮಕ್ಕಳ ಮ್ಯಾಲೆ ಹಿಂಗ ಬರ್ತೈತಿ. ಎಲ್ಲಾರೂ ಭಾರದಿಂದ ಪ್ರಾರ್ಥನಾ ಮಾಡ್ರಿ."

ಅದು ನಿಜ. ನನ್ನ ಆ ಕಷ್ಟ ಅವ್ವನಿಗೆ ಗೊತ್ತಿತ್ತು, ಅಪ್ಪನಿಗೆ ಗೊತ್ತಿತ್ತು, ಅವ್ವ ಅತ್ತುಕೊಂಡು ಹೇಳಿದ್ದರಿಂದ ಮಾರ್ಥಕ್ಕನಿಗೂ ಗೊತ್ತಿತ್ತು. ಈಗ ಇಪ್ಪತ್ತು ಹೆಂಗಸರೂ ಅವರ ಮಕ್ಕಳೂ ಸೇರಿ ಗಟ್ಟಿಯಾಗಿ, ಹೆಸರು ಹಿಡಿದು, ನನಗಾಗಿ ದೇವರನ್ನು ಬೇಡಿಕೊಂಡರು. ಆಮೆನ್ ಎಂದಾಗ ನನ್ನ ಸಂಡೇಸ್ಕೂಲಿನ ಗೆಳತಿಯರು ಒಂದು ಕಣ್ಣು ತೆರೆದು ನನ್ನನ್ನೇ ನೋಡುತ್ತಿದ್ದರು. ಸಾಯಬೇಕು ಅನ್ನಿಸಿತು. ಓಡಿಹೋಗಿ ಬಚ್ಚಲಲ್ಲಿ ಕೂತೆ. ಅವ್ವ ಹಿಂದೆಯೇ ಬಂದಳು, ಅಳಲಿಲ್ಲ. ನನ್ನ ಮುಂದೆ ಒದ್ದೆ ನೆಲದ ಮೇಲೆ ಕೂತು, ಬಹಳ ಹೊತ್ತು ನನ್ನ ಪಾದ ಹಿಡಿದುಕೊಂಡಿದ್ದಳು. ತನಗಾಗಿ ಐದು ವರ್ಷ ಬಾರದ ಸಿಟ್ಟು ನನಗಾಗಿ ಆ ಹೊತ್ತಿನಲ್ಲಿ ಬಂತು ಎಂದು ನಾನು ತಿಳಿದಿದ್ದೇನೆ. ಆದರೆ ಸಿಟ್ಟು ಬಂದರೆ ಸಾಲದು, ಮರುದಿನ ಬೆಳಗ್ಗೆ ಅವಳು ಮತ್ತೆ ಹೆದರಿದ್ದಳು. ಉಪಕಾರ ಮಾಡಿದವಳು, ಪ್ರಾರ್ಥನೆ ಮಾಡುವವಳು, ಅವಳನ್ನು ದೂರ ಮಾಡಿದರೆ ಪಾಪ ಬರುವುದಿಲ್ಲವೇ ಎಂಬ ಹೆದರಿಕೆ.

ಶುಕ್ರವಾರ ಜೈನಾಪುರದಿಂದ ಆಯಿ ಬಂದಳು. ಅವಳಿಗೆ ಅಕ್ಷರ ಬಾರದು, ಕೀರ್ತನೆಗಳೆಲ್ಲ ಬಾಯಿಪಾಠ. ಬಬಲೇಶ್ವರದ ಸಂತೆಯಲ್ಲಿ ಕೊಂಡ ಪುಂಡಿಸೊಪ್ಪಿನ ಕಟ್ಟು ಚೀಲದಲ್ಲಿತ್ತು. ಯಾರನ್ನೂ ಕೇಳದೆ ಅಡುಗೆಮನೆಯಲ್ಲಿ ಕೂತು ಸೋಸತೊಡಗಿದಳು. ಅವ್ವ ಎಲ್ಲವನ್ನೂ ಹೇಳಿದಳು. ಆಯಿ ತಲೆ ಎತ್ತದೆ ಕೇಳಿದಳು:

"ಆಕಿ ಬಂದಾಗ ನೀ ಎಲ್ಲಿ ಕುಂಡ್ರತಿ ಬೇ?"

"ನಾ ಕುಂಡ್ರೂದಿಲ್ಲವ್ವ. ಚಹಾ ಮಾಡಿ ಕೊಡೂದಿರ್ತೈತಿ."

"ಕೊಟ್ಟ ಮ್ಯಾಲೆ?"

"ನಿಂತಿರ್ತೇನಿ."

"ಎಷ್ಟು ವರ್ಷಾತು?"

"ಐದು."

ಆಯಿ ಒಂದು ಎಲೆಯನ್ನು ತಿರುಗಿಸಿ ನೋಡಿ ಹುಳ ಇದೆಯೆಂದು ಬಿಸಾಕಿದಳು.

"ಗೆಳತಿ ಬಂದ್ರ ಕಾಲು ತಾನ ಕುಂಡ್ರತಾವ. ಐದು ವರ್ಷ ನಿನ್ನ ಮನ್ಯಾಗ ನೀನ ನಿಂತೀದಿ ಅಂದ್ರ ಆಕಿ ಗೆಳತಿ ಅಲ್ಲ, ಸಾಹೇಬ. ಒಂದು ಚಲೋ ಆತು, ಟಿಕೋಟಾ ಹುಡುಗೂರ ಮುಂದ ನಿಂತು ಕಲಸಾಕ ನಿನ್ನ ಕಾಲು ನೋಯೂದಿಲ್ಲ."

ಅವ್ವ ನಕ್ಕಳು. ನಗುತ್ತ ನಗುತ್ತ ಅತ್ತಳು. ಆಮೇಲೆ ಮೂರು ರೊಟ್ಟಿ ಪುಂಡಿಪಲ್ಯ ಉಂಡಳು, ಕಣ್ಣು ಮುಚ್ಚಿಕೊಂಡೇ. ಸಂಜೆ ನನ್ನ ಕೈ ಹಿಡಿದುಕೊಂಡು ಪಾಸ್ಟರರ ಮನೆಗೆ ನಡೆದಳು. ಅವರು ಅಂಗಳದಲ್ಲಿ ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಿದ್ದರು. ಅವ್ವ ಪೀಠಿಕೆ ಹಾಕಲಿಲ್ಲ.

"ಪಾಸ್ಟರ, ಕ್ಷಮಾ ಮಾಡಬೇಕೋ ಬ್ಯಾಡೋ, ಅಷ್ಟು ಹೇಳ್ರಿ."

"ಮಾಡಬೇಕಮ್ಮ. ಅದರಾಗ ಎರಡು ಮಾತಿಲ್ಲ."

ಅವ್ವನ ಮುಖ ಇಳಿಯಿತು. ಪಾಸ್ಟರರು ಚಿಂದಿಗೆ ಕೈ ಒರೆಸಿಕೊಂಡರು.

"ಆದ್ರ ಕ್ಷಮಾ ಮಾಡಿದ್ರ ಅವರ ಕೈಯಾಗ ಮನಿ ಚಾವಿನೂ ಕೊಡಬೇಕಂತ ನಿಮಗ ಯಾರು ಹೇಳ್ಯಾರ?"

"ಚಾವಿ ಅವರ ಹತ್ರನ ಐತ್ರಿ," ಎಂದಳು ಅವ್ವ.

ಅವರು ಮಾತಿಗೆಂದು ಹೇಳಿದ್ದರು. ಇವಳು ಹಿತ್ತಾಳೆಯ ಚಾವಿಯ ಲೆಕ್ಕ ಕೊಟ್ಟಳು. ಪಾಸ್ಟರರು ಜೋರಾಗಿ ನಕ್ಕು, ಆಮೇಲೆ ನಗು ನಿಲ್ಲಿಸಿ ಅವ್ವನನ್ನು ನೋಡಿದರು.

"ಪ್ರಭು ಎಲ್ಲಾರನ್ನೂ ಪ್ರೀತಿ ಮಾಡ್ಯಾನ. ಆದ್ರ ಎಲ್ಲಾರ ಕೈಯಾಗ ತನ್ನ ತಾ ಕೊಟ್ಟಿಲ್ಲ. ಒಲ್ಲದ ಊರು ಬಿಟ್ಟು ಮುಂದಿನ ಊರಿಗೆ ನಡದಾನ. ದೂರ ಇರೂದು ದ್ವೇಷ ಅಲ್ಲಮ್ಮ. ಕೆಲವರನ್ನ ದೂರದಿಂದನ ಪ್ರೀತಿ ಮಾಡಾಕ ಬರ್ತೈತಿ, ಹತ್ರ ಹೋದ್ರ ಇಬ್ಬರೂ ಕೆಡ್ತೀರಿ."

ಹಿಂದಿರುಗುವಾಗ ಅವ್ವ ರೈಲು ಗೇಟಿನ ಬಳಿ ನಿಂತು, ಕಣ್ಣು ಮುಚ್ಚಿ, ತುಟಿ ಅಲುಗಾಡಿಸಿದಳು. ಗೇಟು ತೆರೆದ ಮೇಲೂ ಕಣ್ಣು ತೆರೆಯಲಿಲ್ಲ. ಹಿಂದಿನ ಟಂಟಂ ಗಾಡಿಯವನು ಹಾರ್ನ್ ಹೊಡೆದು ಬೈದ. ಅವ್ವ ಅವನಿಗೆ ನಮಸ್ಕಾರ ಮಾಡಿ ದಾಟಿದಳು.

ಭಾನುವಾರ ಆರಾಧನೆ ಮುಗಿದ ಮೇಲೆ ಮಾರ್ಥಕ್ಕ ಆರು ಮಂದಿ ಹೆಂಗಸರನ್ನು ಕರೆದುಕೊಂಡು ಬಂದಳು. ವಿಶೇಷ ಪ್ರಾರ್ಥನೆಯಂತೆ. ಮರುದಿನ ಸೋಮವಾರ, ಟಿಕೋಟಾಕ್ಕೆ ಹೋಗಬೇಕಾದ ದಿನ. ಅಪ್ಪ ಮನೆಯಲ್ಲಿದ್ದ ಹಳೆಯ ಹೊಲಿಗೆ ಯಂತ್ರದ ಮುಂದೆ ತಲೆ ತಗ್ಗಿಸಿ ಏನೋ ಹೊಲಿಯುತ್ತಿದ್ದ. ಆಯಿ ಅಡುಗೆಮನೆಯ ಹೊಸ್ತಿಲ ಮೇಲೆ, ನಾನು ಅವಳ ಮಗ್ಗುಲಲ್ಲಿ. ಮಾರ್ಥಕ್ಕ ಕುರ್ಚಿಯಲ್ಲಿ ಕೂತು ಸೆರಗು ಸರಿಮಾಡಿಕೊಂಡಳು.

"ನಾ ಮೂರು ದಿನ ಉಪವಾಸ ಮಾಡೀನಿ, ಪ್ರೇಮಾ. ಆ ನೌಕರಿ ಬಗ್ಗೆ ನನಗ ಸಮಾಧಾನ ಇಲ್ಲ."

ಅವ್ವ ಚಹಾದ ತಟ್ಟೆ ತಂದು ಎಲ್ಲರಿಗೂ ಕೊಟ್ಟಳು. ಒಂದು ಕಪ್ಪು ಉಳಿಯಿತು. ಅದನ್ನು ಕೈಯಲ್ಲಿ ಹಿಡಿದು, ಗೋಡೆಗಿದ್ದ ಮಣೆಯನ್ನು ಕಾಲಿನಿಂದಲೇ ಎಳೆದುಕೊಂಡು, ಮಾರ್ಥಕ್ಕನ ಎದುರಿಗೆ ಕೂತಳು. ಆಯಿ ನನ್ನ ಮೊಣಕೈ ತಿವಿದಳು.

"ನನಗ ಐತ್ರಿ ಅಕ್ಕಾರ," ಎಂದಳು ಅವ್ವ.

"ಏನು?"

"ಸಮಾಧಾನ ಐತ್ರಿ. ನಾಳೆ ಎಂಟರ ಬಸ್ಸಿಗೆ ಹೋಗ್ತೇನ್ರಿ."

ಮಾರ್ಥಕ್ಕ ತನ್ನ ಹಳೆಯ ಆಯುಧವಾದ ಮೌನವನ್ನು ಹೊರತೆಗೆದಳು. ಹಿಂದೆಲ್ಲ ಅದು ಎರಡು ನಿಮಿಷದಲ್ಲಿ ಕೆಲಸ ಮುಗಿಸುತ್ತಿತ್ತು. ಅವ್ವ ಚಹಾ ಕುಡಿದಳು. ಊದಿ ಊದಿ, ಅವಸರವಿಲ್ಲದೆ, ಸದ್ದು ಮಾಡಿ ಕುಡಿದಳು. ಒಂದು ರೈಲು ಬಂದು ತಾಟುಗಳನ್ನೆಲ್ಲ ಅಲ್ಲಾಡಿಸಿ ಹೋಯಿತು. ಅದು ಹೋದ ಮೇಲೂ ಅವ್ವ ಕೂತೇ ಇದ್ದಳು. ಜೀವಮಾನದಲ್ಲಿ ಮೊದಲ ಸಲ ಮಾರ್ಥಕ್ಕನೇ ಮೊದಲು ಬಾಯಿ ತೆರೆಯಬೇಕಾಯಿತು.

"ನಿನ್ನ ಮಕ್ಕಳ ಸಂಬಂಧ ನಾ ಎಷ್ಟು ಕಣ್ಣೀರು ಹಾಕೀನಿ, ನಿನಗ ಗೊತ್ತಿಲ್ಲ."

"ಗೊತ್ತೈತ್ರಿ. ಜ್ವರದಾಗ ನೀವು ಮಾಡಿದ್ದನ್ನ ಸಾಯೂತನಕ ಮರಿಯೂದಿಲ್ಲ. ಗುರುವಾರ ನನ್ನ ಮಗಳಿಗೆ ಮಾಡಿದ್ದನ್ನ ಕ್ಷಮಾ ಮಾಡೀನ್ರಿ. ಆದ್ರ ಅಕಿ ಮಾತು ಇನ್ನ ಮ್ಯಾಲೆ ನಿಮ್ಮ ಬಾಯಾಗ ಬರಬಾರದು. ಮತ್ತ ಮನಿ ಚಾವಿ ಕೊಟ್ಟು ಹೋಗ್ರಿ."

ಹೊಲಿಗೆ ಯಂತ್ರ ನಿಂತಿತ್ತು. ಮಾರ್ಥಕ್ಕ ಆರು ಹೆಂಗಸರ ಮುಖ ನೋಡಿದಳು. ಒಬ್ಬಳು ಕಪ್ಪಿನ ತಳ ನೋಡುತ್ತಿದ್ದಳು, ಇನ್ನೊಬ್ಬಳು, ಮುಲ್ಲಂಗಿ ಮಾರುವ ರೂತವ್ವ, ಎಲ್ಲರಿಗೂ ಕಾಣುವಂತೆ ನಗುತ್ತಿದ್ದಳು. ಮಾರ್ಥಕ್ಕ ಸೊಂಟದ ಗೊಂಚಲಿನಿಂದ ಚಾವಿ ಬಿಡಿಸಿದಳು. ಬಿಗಿಯಾಗಿತ್ತು, ಹೊತ್ತು ಹಿಡಿಯಿತು. ಅವ್ವ ಸಹಾಯ ಮಾಡಲು ಏಳಲಿಲ್ಲ, ಕೈ ಮಾತ್ರ ಚಾಚಿದಳು. ಅವರೆಲ್ಲ ಹೋದ ಮೇಲೆ ಆಯಿ ಎದ್ದು ಬಂದು ಆ ಕೈಯಿದ್ದ ಕುರ್ಚಿಯಲ್ಲಿ ಕಾಲು ಮಡಚಿಕೊಂಡು ಕೂತು, ಏನೂ ಆಗದವಳ ಹಾಗೆ ಎಲೆ ಅಡಿಕೆ ಹಾಕಿಕೊಂಡಳು. ಅಪ್ಪ ಹೊಲಿದು ಮುಗಿಸಿದ್ದನ್ನು ಝಾಡಿಸಿ ಅವ್ವನ ಮುಂದೆ ಹಿಡಿದ. ಅದೊಂದು ಗಟ್ಟಿ ಬಟ್ಟೆಯ ಚೀಲ, ಒಳಗೆ ಪುಸ್ತಕಕ್ಕೊಂದು ಖಾನೆ, ಊಟದ ಡಬ್ಬಿಗೊಂದು ಖಾನೆ. ಅವನಿಗೆ ಬರುತ್ತಿದ್ದ ಭಾಷೆ ಅದೊಂದೇ, ಅವತ್ತು ಅದನ್ನು ಬಹಳ ಚೆನ್ನಾಗಿ ಮಾತಾಡಿದ.

ಚರ್ಚಿನಲ್ಲಿ ಕೆಲವರು ಮುಖ ತಿರುಗಿಸಿದರು, ಒಂದು ವರ್ಷ ಗುಸುಗುಸು ನಡೆಯಿತು. ನನ್ನ ಹಾಸಿಗೆಯೂ ಅದೇ ವಾರ ಒಣಗಿತು ಎಂದು ಬರೆದರೆ ಕಥೆ ಚೆಂದವಾಗುತ್ತದೆ. ಒಣಗಲಿಲ್ಲ, ಇನ್ನೂ ಒಂದು ವರ್ಷ ಹಿಡಿಯಿತು. ಆದರೆ ಅದು ಯಾರ ಶಾಪವೂ ಅಲ್ಲ ಎಂದು ನನಗೆ ಗೊತ್ತಾಗಿತ್ತು, ನಾನು ತಲೆ ಎತ್ತಿಕೊಂಡು ಸಂಡೇಸ್ಕೂಲಿಗೆ ಹೋದೆ. ಮಾರ್ಥಕ್ಕ ಎರಡು ವರ್ಷ ಬಿಟ್ಟು ಒಂದು ಕ್ರಿಸ್‌ಮಸ್ಸಿಗೆ ಬಂದಳು. ಅವ್ವ ಕರ್ಚಿಕಾಯಿ ಕೊಟ್ಟಳು, ಕುಶಲ ಕೇಳಿದಳು. ಮೊದಲಿನ ಹಾಗೆ ಗುರುವಾರಕ್ಕೆ ಬರಲೇ ಎಂದು ಅವಳು ಕೇಳಿದಾಗ, "ಕ್ರಿಸ್‌ಮಸ್ಸಿಗೆ ಬರ್ರಿ ಅಕ್ಕಾರ," ಎಂದು ನಗುತ್ತಲೇ ಹೇಳಿದಳು. ಮುಂದೆ ಮಾರ್ಥಕ್ಕ ಹಾಸಿಗೆ ಹಿಡಿದಾಗ ಅವ್ವ ದಿನಾ ಗಂಜಿ ಒಯ್ದು, ಕುಡಿಸಿ, ಅರ್ಧ ತಾಸಿಗೆ ಮರಳುತ್ತಿದ್ದಳು. ಪ್ರೀತಿಗೂ ಹೊತ್ತು ಗೊತ್ತು ಇರುತ್ತದೆ ಎಂಬುದನ್ನು ನಾನು ಹಾಗೆ ಕಲಿತೆ. ಅದು ನನಗೆ ಕೆಲಸಕ್ಕೂ ಬಂತು. ಇಪ್ಪತ್ನಾಲ್ಕನೆಯ ವಯಸ್ಸಿನಲ್ಲಿ ಗಾಯನವೃಂದದ ಒಬ್ಬ ಚೆಲುವ ನನ್ನನ್ನು ಮೆಚ್ಚಿದ್ದ, ನಾನೂ ಮೆಚ್ಚಿದ್ದೆ. ಗಾಂಧಿ ಚೌಕದ ಬಳಿ ಕಬ್ಬಿನ ಹಾಲು ಕುಡಿಯುತ್ತ ಅವನು, "ನಿನ್ನ ಗೆಳತ್ಯಾರ ಬಗ್ಗೆ ನನಗ ಸಮಾಧಾನ ಇಲ್ಲ ನೋಡು," ಎಂದ. ನಾನು ಗ್ಲಾಸು ಖಾಲಿ ಮಾಡಿ, ಬಾಯಿ ಒರೆಸಿಕೊಂಡು, ಆಟೋ ಹತ್ತಿದೆ. ಈಗ ಬಬಲೇಶ್ವರದ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಯಾವನೋ ತಾಸಿಗೊಮ್ಮೆ ಎಲ್ಲಿದ್ದೀ ಎಂದು ಕೇಳುವ ಮೆಸೇಜುಗಳನ್ನು ಹುಡುಗಿಯರು ಮೊಬೈಲಿನಲ್ಲಿ ತೋರಿಸಿ, ಇದು ಪ್ರೀತಿಯೇ ಮೇಡಂ ಎಂದು ಕೇಳುತ್ತಾರೆ. ನಾನು ಉಪದೇಶ ಮಾಡುವುದಿಲ್ಲ, ಅವನ ಮುಂದೆ ನಿನ್ನ ಮನಸ್ಸು ಕೂತಿರುತ್ತದೋ ನಿಂತಿರುತ್ತದೋ ಎಂದು ಕೇಳುತ್ತೇನೆ. ಹುಡುಗಿಯರು ಜಾಣೆಯರು, ಉತ್ತರ ಅವರಿಗೇ ಗೊತ್ತಿರುತ್ತದೆ.

ಇವೆಲ್ಲ ಮುಂದಿನ ಮಾತು. ಆ ಸೋಮವಾರ ಸಂಜೆ ನಾನು, ತಂಗಿ, ಆಯಿ, ಮೂವರೂ ಕಟ್ಟೆಯ ಮೇಲೆ ಕೂತು ದಾರಿ ಕಾಯುತ್ತಿದ್ದೆವು. ಅವ್ವ ಬಂದಳು. ಸೆರಗಿಗೆಲ್ಲ ಸೀಮೆಸುಣ್ಣ, ದಿನವಿಡೀ ಕೂಗಿ ಗಂಟಲು ಕಟ್ಟಿತ್ತು. ಹೇಗಾಯಿತು ಎಂದರೆ ಶಾಲೆಯ ಮಾತೇ ಎತ್ತಲಿಲ್ಲ. ಚಪ್ಪಲಿ ಬಿಡುತ್ತ ಆಯಿಗೆ ಹೇಳಿದಳು:

"ಬಸ್ಸಿನ್ಯಾಗ ಕಂಡಕ್ಟರ್ ಬಂದು ಎಲ್ಲಿಗ್ರಿ ಅಂದ ಯವ್ವಾ. ಯಾರನ್ನ ಕೇಳಲಿ ಅಂತ ನಾ ಆಕಡೆ ಈಕಡೆ ನೋಡಿದೆ. ಯಾರೂ ಇರಲಿಲ್ಲ. ಆಮ್ಯಾಲೆ ನಾನ ಹೇಳಿದೆ, ಟಿಕೋಟಾ ಅಂತ."